ವಷ್ಟಿಯನ್ನು ಕರೆಸಿದ್ದು ಯಾಕೆ?

ಎಸ್ತೇರಳು ಮೊದಲನೇ ಅಧ್ಯಾಯ ತೆಗೀರಿ.

ಅಹಷ್ವೇರೋಷ ರಾಜ 127 ಸಂಸ್ಥಾನಗಳ ಒಡೆಯ. 180 ದಿವಸ ತನ್ನ ಐಶ್ವರ್ಯವನ್ನ ದೊಡ್ಡ ದೊಡ್ಡವರಿಗೆ ತೋರಿಸ್ತಾನೆ. ಆಮೇಲೆ ಏಳು ದಿನ ಔತಣ. ಏಳನೇ ದಿನ, ದ್ರಾಕ್ಷಾರಸ ತಲೆಗೇರಿದ ಮೇಲೆ, ಅವನಿಗೆ ಇನ್ನೊಂದು ನೆನಪಾಗುತ್ತೆ. ವಷ್ಟಿ ರಾಣಿಗೆ ಕಿರೀಟ ಹಾಕಿಸಿ ಕರ್ಕೊಂಡು ಬನ್ನಿ, ಅವಳ ಚೆಲುವನ್ನ ಎಲ್ಲರೂ ನೋಡಲಿ. ಚಿನ್ನದ ಪಾತ್ರೆ, ಅಮೃತಶಿಲೆಯ ಕಂಬ ಎಲ್ಲ ತೋರಿಸಿ ಆಗಿತ್ತು. ಕೊನೆಯ ಐಟಂ ಹೆಂಡತಿ. ಅವಳು ಬರಲ್ಲ ಅಂದಳು. ರಾಣಿಪಟ್ಟ ಹೋಯ್ತು.

ವಷ್ಟಿಯನ್ನ ಗಂಡನ ಮಾತು ಕೇಳದ ಹೆಂಡತಿ ಅಂತ ಬೋಧಿಸೋದು ನಮ್ಮಲ್ಲಿ ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಅವಳು ಯಾಕೆ ಬರಲಿಲ್ಲ ಅಂತ ವಾಕ್ಯ ಹೇಳೋದಿಲ್ಲ. ಯಾಕೆ ಕರೆಸಿದ್ರು ಅನ್ನೋದನ್ನ ಸ್ಪಷ್ಟವಾಗಿ ಹೇಳುತ್ತೆ.

ಐಟಂ ಅನ್ನೋ ಪದ ಬೇಕಂತಲೇ ಬಳಸಿದೆ. ಸಿನಿಮಾದಲ್ಲಿ ಕಥೆಗೆ ಸಂಬಂಧವೇ ಇಲ್ಲದೆ ಒಬ್ಬಳು ಬಂದು ಕುಣಿದು ಹೋಗುವ ಹಾಡಿಗೆ ನಾವು ಇಟ್ಟಿರೋ ಹೆಸರು ಅದೇ ತಾನೇ? ಕ್ಯಾಮೆರಾ ಮೊದಲು ಸೊಂಟ ತೋರಿಸುತ್ತೆ, ಆಮೇಲೆ ತುಟಿ, ಮುಖ ಯಾವಾಗಲೋ. ಹೀಗೆ ತುಂಡು ತುಂಡಾಗಿ ತೂಗುಹಾಕೋದು ಮಾಂಸದ ಅಂಗಡಿಯಲ್ಲಿ.

"ಅಣ್ಣಾ, ಅವಳೇ ಒಪ್ಪಿ ಮಾಡಿದ್ದಾಳೆ, ದುಡ್ಡೂ ತಗೊಂಡಿದ್ದಾಳೆ" ಅಂತ ಯೂತ್ ಮೀಟಿಂಗ್‌ನಲ್ಲಿ ಕೇಳ್ತೀರ. ನ್ಯಾಯವಾದ ಪ್ರಶ್ನೆ. 2013ರಲ್ಲಿ ಬ್ಲರ್ಡ್ ಲೈನ್ಸ್ ಅನ್ನೋ ಅಮೆರಿಕದ ಹಾಡು ಬಂತು. ವಿಡಿಯೋದಲ್ಲಿ ಗಂಡಸರಿಗೆ ಮೈತುಂಬ ಬಟ್ಟೆ, ಮೂವರು ಮಾಡೆಲ್‌ಗಳಿಗೆ ಹೆಚ್ಚುಕಮ್ಮಿ ಏನೂ ಇಲ್ಲ. ನಿರ್ದೇಶಿಸಿದ್ದೂ ಒಬ್ಬ ಮಹಿಳೆಯೇ. ಆ ಮೂವರಲ್ಲಿ ಒಬ್ಬರಾದ ಎಮಿಲಿ ರಟಕೌಸ್ಕಿ, ಶೂಟಿಂಗ್ ವೇಳೆ ಗಾಯಕ ತನ್ನನ್ನ ಕೇಳದೆ ಹಿಂದಿನಿಂದ ಮೈಗೆ ಕೈಹಾಕಿದ ಅಂತ 2021ರ ತಮ್ಮ ಪುಸ್ತಕದಲ್ಲಿ ಬರೆದರು. ಅಲ್ಲಿವರೆಗೂ ಆ ಕೆಲಸ ಖುಷಿಯಾಗೇ ಇತ್ತು ಅಂತಲೂ ಬರೆದಿದ್ದಾರೆ. ಎರಡನ್ನೂ ಕೇಳಿಸ್ಕೊಳ್ಳಿ. ಅವರು ಒಪ್ಪಿದ್ದು ಕ್ಯಾಮೆರಾ ಮುಂದೆ ನಿಲ್ಲೋದಕ್ಕೆ. ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದವಳನ್ನ (ಆದಿಕಾಂಡ 1:27) ವಸ್ತು ಅಂತ ನೋಡೋ ಹಕ್ಕು, ಅವಳೇ ಸಹಿ ಹಾಕಿಕೊಟ್ರೂ ನನಗೆ ಬರಲ್ಲ.

ಇಲ್ಲಿಗೆ ಕೆಲವರು ಜೋರಾಗಿ ಆಮೆನ್ ಅಂತೀರ, ತಕ್ಷಣ ನಮ್ಮ ತಂಗಿಯರ ಬಟ್ಟೆ ವಿಷಯಕ್ಕೆ ಹೋಗ್ತೀರ. ಸ್ವಲ್ಪ ನಿಲ್ಲಿ. ಮತ್ತಾಯ 5:28-29ರಲ್ಲಿ ಯೇಸು ಸ್ವಾಮಿ ಕಿತ್ತುಹಾಕು ಅಂದದ್ದು ಯಾರ ಕಣ್ಣನ್ನ? ನೋಡೋನ ಕಣ್ಣನ್ನ. ಅಲ್ಲಿ ಬಟ್ಟೆಯ ಅಳತೆ ಎಲ್ಲೂ ಇಲ್ಲ. ಟೇಪು ಹಿಡಿದು ಅಳೆಯೋ ಕಣ್ಣು ಕೂಡ ಮೈಯನ್ನೇ ನೋಡ್ತಿರುತ್ತೆ, ಬ್ರದರ್.

ಲೂಕ 7ರಲ್ಲಿ ಫರಿಸಾಯನಾದ ಸೀಮೋನ, ತನ್ನ ಮನೆಗೆ ಬಂದ ಹೆಂಗಸು ಎಂಥವಳು ಅಂತ ಲೆಕ್ಕ ಹಾಕ್ತಾ ಕೂತಿದ್ದಾನೆ. ಯೇಸು ಅವಳ ಕಡೆ ತಿರುಗಿಕೊಂಡೇ, ಇವಳು ನಿನಗೆ ಕಾಣಿಸ್ತಿದ್ದಾಳಾ ಅಂತ ಸೀಮೋನನನ್ನ ಕೇಳ್ತಾರೆ. ಕಣ್ಣೀರು, ಮುತ್ತು, ಸುಗಂಧ ತೈಲ, ಅವಳು ಮಾಡಿದ್ದನ್ನೆಲ್ಲ ಒಂದೊಂದಾಗಿ ಎಣಿಸ್ತಾರೆ.

ಈ ವಾರ ಹತ್ತು ಸಲ ನೋಡಿದ ಆ ಹಾಡಲ್ಲಿ ಕುಣಿದವಳ ಹೆಸರು ನಿಮಗೆ ಗೊತ್ತಾ? ಮುಂದಿರೋ ನಾಯಕಿ ಬಿಡಿ, ಹಿಂದಿನ ಸಾಲಿನವಳು. ಹುಡುಕಿದ್ರೂ ಸಿಗಲಿಕ್ಕಿಲ್ಲ. ಎದ್ದು ನಿಲ್ಲೋಣ, ಅವಳಿಗೋಸ್ಕರ ಪ್ರಾರ್ಥನೆ ಮಾಡೋಣ.