ಸರ್ಕಾರದ ಕೆಲಸ ಯಾರ ಕೆಲಸ?

ಬೆಂಗಳೂರಿನ ವಿಧಾನಸೌಧವನ್ನು ನಿಮ್ಮಲ್ಲಿ ಬಹಳಷ್ಟು ಜನ ನೋಡಿದ್ದೀರಿ. ಕೆಂಗಲ್ ಹನುಮಂತಯ್ಯನವರ ಕನಸಿನ ಆ ಕಟ್ಟಡ 1956ರಲ್ಲಿ ಪೂರ್ಣಗೊಂಡಿತು. ಅದರ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಒಳಗೆ ಕುಳಿತು ಆಡಳಿತ ನಡೆಸುವವರನ್ನು ಎಚ್ಚರಿಸುವ ಮಾತು ಅದು. ಆದರೆ ಹೊರಗೆ ನಿಂತು ಅದನ್ನು ಓದುವ ನಮ್ಮ ಕೆಲಸವೇನು? ಸರ್ಕಾರದ ಕೆಲಸ ದೇವರ ಕೆಲಸವಾದ ಮಾತ್ರಕ್ಕೆ ನಾವು ಭಕ್ತರಂತೆ ಕೈಮುಗಿದು ವರಕ್ಕಾಗಿ ಕಾಯುತ್ತಾ ಕೂರಬೇಕೆ? ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಣ್ಣ ಘಟನೆಯಿಂದಾಗಿ ಈ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತಿದೆ.

ಆಗ ನಾನು ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಒಂದು ಬೆಳಿಗ್ಗೆ ಬಲಿಪೂಜೆ ಮುಗಿದ ಮೇಲೆ ವಿಧವೆಯೊಬ್ಬರು ಗುರುನಿವಾಸದ ಮುಂದೆ ಬಂದು ನಿಂತರು. ಅವರ ಪಡಿತರ ಚೀಟಿ ರದ್ದಾಗಿತ್ತು. ಕಾರಣವನ್ನು ಯಾರೂ ಹೇಳಿರಲಿಲ್ಲ. ಎರಡು ತಿಂಗಳಿನಿಂದ ಅಕ್ಕಿ ಸಿಕ್ಕಿರಲಿಲ್ಲ. ಕೂಲಿ ಬಿಟ್ಟು ಮೂರು ಬಾರಿ ಕಚೇರಿಗೆ ಹೋಗಿ ಬಂದಿದ್ದರು. ನನಗೆ ಅಲ್ಲಿ ಪರಿಚಯದವರೊಬ್ಬರಿದ್ದರು. ಫೋನ್ ಮಾಡಿದೆ. ನಾಲ್ಕೇ ದಿನದಲ್ಲಿ ಕೆಲಸವಾಯಿತು. ಆ ತಾಯಿ ಒಂದು ಚಿಪ್ಪು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟರು. ನನಗೆ ಸಂತೋಷವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, “ಸ್ವಾಮಿ, ನಮ್ಮ ಬೀದೀಲಿ ಇನ್ನೂ ಮೂರು ಮನೆಯವರ ಚೀಟಿ ಹಿಂಗೇ ಹೋಗದೆ. ಅವರು ನಮ್ಮ ಚರ್ಚಿನವರಲ್ಲ. ಅವರಿಗೆ ಯಾರು ಫೋನ್ ಮಾಡ್ತಾರೆ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ನಾವು ಅಧಿಕಾರಿಗಳ ಬಗ್ಗೆ ಹೇಳಿ ನಗುತ್ತೇವೆ. ಅಂದು ಆ ಪೂಜಾರಿ ನಾನೇ ಆಗಿದ್ದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಿಗಬೇಕು. ಅದು ಕಾನೂನು ಕೊಟ್ಟ ಹಕ್ಕು. ಆ ಹಕ್ಕು ಆ ತಾಯಿಯ ಕೈಗೆ ನನ್ನ ಉಪಕಾರದ ರೂಪದಲ್ಲಿ ತಲುಪಿತು. ಅವರಿಗೆ ಸಲ್ಲಬೇಕಾದದ್ದು ಅವರಿಗೆ ಸಂದದ್ದಕ್ಕೆ ನಾನು ಬಾಳೆಹಣ್ಣು ಪಡೆದೆ! ಪರಿಚಯದವರ ಮಾತಿಗೆ ತೆರೆಯುವ ಬಾಗಿಲು ಪರಿಚಯವಿಲ್ಲದವರಿಗೆ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ಆ ಪ್ರಶ್ನೆಯನ್ನು ಕೇಳುವವರೆಗೂ ನನಗೆ ಹೊಳೆದಿರಲಿಲ್ಲ.

ಸರ್ಕಾರದ ಯೋಜನೆಗಳ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯದು, ‘ಎಲ್ಲ ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡುತ್ತಿದ್ದಾರೆ’ ಎಂಬುದು. 2013ರಲ್ಲಿ ಅನ್ನಭಾಗ್ಯ ಬಂದಾಗಲೂ, 2023ರಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಹಾಗೂ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆ ಆರಂಭವಾದಾಗಲೂ ಈ ಮಾತು ಕೇಳಿಬಂತು. ಯೋಜನೆಗಳಿಗೆ ಹಣ ಎಲ್ಲಿಂದ ಬರುತ್ತದೆ, ರಸ್ತೆಗೂ ಶಾಲೆಗೂ ಎಷ್ಟು ಉಳಿಯುತ್ತದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಪಡೆಯುವವರನ್ನು ಹೀಗಳೆಯುವುದು ನ್ಯಾಯವಲ್ಲ. ಅನುದಾನಿತ ಶಾಲೆಯ ಶಿಕ್ಷಕರ ಸಂಬಳ, ಗೃಹಸಾಲದ ತೆರಿಗೆ ರಿಯಾಯಿತಿ, ರೈತರ ಗೊಬ್ಬರದ ಸಬ್ಸಿಡಿ ಇವೆಲ್ಲ ಬರುವುದೂ ಅದೇ ಬೊಕ್ಕಸದಿಂದ. ಆ ಬೊಕ್ಕಸಕ್ಕೆ ಬಡವರೂ ಹಣ ತುಂಬುತ್ತಾರೆ. ಅಂಗಡಿಯಲ್ಲಿ ಒಂದು ಸಾಬೂನು ಕೊಂಡಾಗಲೂ ಅವರು ತೆರಿಗೆ ಕೊಟ್ಟಿರುತ್ತಾರೆ.

ಎರಡನೆಯದು, ‘ನನಗೆ ಬಂತೇ, ಬರಲಿಲ್ಲವೇ?’ ಎಂಬ ಒಂದೇ ವಿಚಾರಣೆ. ಕಂತು ಖಾತೆಗೆ ಬಂದರೆ ಸರ್ಕಾರ ಒಳ್ಳೆಯದು, ತಡವಾದರೆ ಕೆಟ್ಟದ್ದು. ಇಂಥ ನಿರೀಕ್ಷೆಯಲ್ಲಿ ತಪ್ಪಿಲ್ಲದಿದ್ದರೂ ಕೊರತೆಯಿದೆ. ಸರ್ಕಾರಿ ಕಡತಗಳಲ್ಲಿ ನಮಗೆ ‘ಫಲಾನುಭವಿ’ ಎಂಬ ಹೆಸರಿದೆ, ಅಂದರೆ ಫಲವನ್ನು ಅನುಭವಿಸುವವನು. ಗಿಡ ನೆಟ್ಟವರು ಯಾರು, ನೀರೆರೆದವರು ಯಾರು, ಪಕ್ಕದ ಮನೆಗೆ ಹಣ್ಣು ಸಿಕ್ಕಿತೇ ಎಂಬ ಯೋಚನೆಗೆ ಆ ಪದದಲ್ಲಿ ಜಾಗವಿಲ್ಲ. ನಾವು ನಾಗರಿಕರಾಗುವುದು ಆ ಯೋಚನೆಯಿಂದಲೇ ಅಲ್ಲವೇ?

ಇದಕ್ಕೊಂದು ನಿದರ್ಶನ ರಾಜಸ್ಥಾನದಲ್ಲಿದೆ. 1994ರ ಡಿಸೆಂಬರ್ ತಿಂಗಳಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರ ಅಹವಾಲು ಸಭೆ ನಡೆಸಿದರು. ಸರ್ಕಾರಿ ಕಾಮಗಾರಿಗಳ ಲೆಕ್ಕಪತ್ರವನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಲಾಯಿತು. ಯಾರ ಹೆಸರಿನಲ್ಲಿ ಕೂಲಿ ಬರೆದಿತ್ತೋ ಅವರೇ ಎದುರಿಗೆ ಕುಳಿತಿದ್ದರು. ಕಾಗದದಲ್ಲಿದ್ದದ್ದು ನಿಜವೋ ಸುಳ್ಳೋ ಎಂದು ಅವರೇ ಹೇಳಬಲ್ಲವರಾಗಿದ್ದರು. ಕೂಲಿಕಾರರ ಇಂಥ ಹೋರಾಟಗಳ ಫಲವಾಗಿ 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯ್ದೆ ದೊರೆಯಿತು. ತಮ್ಮೂರಿನ ಲೆಕ್ಕವನ್ನು ಕೇಳಿದವರು ಕಾಣದ ಊರುಗಳಿಗೂ ಉಪಕಾರ ಮಾಡಿದರು.

ನಮ್ಮ ರಾಜ್ಯದಲ್ಲಿಯೂ ದಾರಿಗಳಿವೆ. ಗ್ರಾಮಸಭೆ, ವಾರ್ಡ್ ಸಭೆಗಳಿಗೆ ಕಾನೂನಿನ ಬಲವಿದೆ. 2011ರ ಸಕಾಲ ಕಾಯ್ದೆಯು ಗೊತ್ತುಪಡಿಸಿದ ಸೇವೆಗಳಿಗೆ ಗಡುವು ವಿಧಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರರು ಪರಿಹಾರ ಕೇಳಬಹುದೆಂದು ಹೇಳಿತು. ಆಹಾರ ಭದ್ರತಾ ಕಾಯ್ದೆಯು ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲಿಯೂ ಜಾಗೃತಿ ಸಮಿತಿ ಇರಬೇಕೆನ್ನುತ್ತದೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತೇ? ಆ ತಾಯಿ ಕೇಳುವವರೆಗೆ ನನಗೂ ಗೊತ್ತಿರಲಿಲ್ಲ.

ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಅನ್ಯಾಯಗಾರ ನ್ಯಾಯಾಧೀಶನ ಸಾಮತಿ ನಿಮಗೆ ನೆನಪಿರಬಹುದು. ಆ ವಿಧವೆ ಕಾಣಿಕೆ ತರಲಿಲ್ಲ, ಶಿಫಾರಸು ಹಿಡಿದು ಬರಲಿಲ್ಲ. ನ್ಯಾಯ ಕೊಡೆಂದು ಮತ್ತೆ ಮತ್ತೆ ಬಂದು ಕೇಳಿದಳು. ಅದನ್ನು ನಾವು ಪ್ರಾರ್ಥನೆಯ ಪಾಠವೆಂದು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಕಚೇರಿಯ ಮುಂದೆ ನಿಲ್ಲುವುದು ಹೇಗೆಂಬ ಪಾಠವೂ ಅದರಲ್ಲಿದೆ. ನನ್ನ ಬಾಗಿಲಿಗೆ ಬಂದ ವಿಧವೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಮ್ಮ ಚೀಟಿ ಕೈಗೆ ಬಂದ ಮೇಲೂ ಬೇರೆಯವರ ಚೀಟಿಯ ಬಗ್ಗೆ ಕೇಳಿದರು.

ಮುಂದೇನಾಯಿತೆಂದು ನೀವು ಕೇಳಬಹುದು. ಆ ಮೂರು ಮನೆಯವರೊಡನೆ ಕುಳಿತು ಅರ್ಜಿ ಬರೆದೆವು, ಸ್ವೀಕೃತಿ ಪಡೆದೆವು. ಗ್ರಾಮಸಭೆಯಲ್ಲಿ ಆ ತಾಯಿಯೇ ಎದ್ದು ನಿಂತು ಮಾತನಾಡಿದರು, ಧ್ವನಿ ನಡುಗುತ್ತಿತ್ತು. ಎರಡು ಮನೆಗಳಿಗೆ ಚೀಟಿ ಮರಳಿ ಬರಲು ಐದು ತಿಂಗಳು ಹಿಡಿಯಿತು. ಮೂರನೆಯದು ನನಗೆ ವರ್ಗವಾಗುವವರೆಗೂ ಇತ್ಯರ್ಥವಾಗಿರಲಿಲ್ಲ. ಫೋನಿಗೆ ನಾಲ್ಕು ದಿನ, ನೇರ ದಾರಿಗೆ ಐದು ತಿಂಗಳು! ನೇರ ದಾರಿ ಸುಲಭವೆಂದು ನಿಮಗೆ ಸುಳ್ಳು ಹೇಳಲಾರೆ. ಹಸಿದವರು ಬಾಗಿಲಲ್ಲಿ ನಿಂತರೆ ನಾನು ಮತ್ತೆ ಫೋನ್ ಮಾಡಿಯೇನು. ಹಸಿವಿನ ಮುಂದೆ ತತ್ತ್ವ ಹೇಳುತ್ತಾ ಕೂರಲಾಗದು. ಆದರೆ ಫೋನ್ ಇಟ್ಟ ಮೇಲೆ ‘ಇನ್ನು ಯಾರ ಹೆಸರು ಬಿಟ್ಟುಹೋಗಿದೆ?’ ಎಂದು ಕೇಳದೆ ಇರಲಾರೆ.

ಹಕ್ಕು ಮತ್ತು ಕರ್ತವ್ಯಗಳನ್ನು ಬೇರ್ಪಡಿಸಲಾಗದೆಂದು ವಿಶ್ವಗುರು ಇಪ್ಪತ್ತಮೂರನೆಯ ಜಾನ್‌ರವರು 1963ರಲ್ಲಿ ‘ಪಾಚೆಮ್ ಇನ್ ತೆರ್ರಿಸ್’ ಎಂಬ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ನನಗೆ ಸಲ್ಲಬೇಕಾದದ್ದನ್ನು ತಲೆಯೆತ್ತಿ ಕೇಳುವುದು ನನ್ನ ಹಕ್ಕಾದರೆ, ನೆರೆಯವನಿಗೆ ಅದು ಸಂದಿದೆಯೇ ಎಂದು ನೋಡುವುದು ನನ್ನ ಕರ್ತವ್ಯ. ಪ್ರಿಯ ಓದುಗರೇ, ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಯ ಡಂಗುರ ಕೇಳಿದಾಗ ಮನೆಯಿಂದ ಒಬ್ಬರಾದರೂ ಹೋಗಿರಿ. ಫಲಾನುಭವಿಗಳ ಪಟ್ಟಿಯನ್ನು ಓದುವಾಗ ನಿಮ್ಮ ಹೆಸರು ಬಂದ ಕೂಡಲೇ ಎದ್ದು ಬರಬೇಡಿ. ಕೊನೆಯ ಹೆಸರಿನವರೆಗೂ ಕುಳಿತು ಕೇಳಿರಿ. ಇರಬೇಕಾಗಿದ್ದ ಹೆಸರೊಂದು ಅದರಲ್ಲಿ ಇಲ್ಲದಿದ್ದರೆ, ಆ ಮನೆಯವರು ಯಾವ ಜಾತಿ, ಯಾವ ಧರ್ಮದವರೇ ಆಗಿರಲಿ, ಎದ್ದು ನಿಂತು ಕೇಳಿರಿ. ದೇವರ ಕೆಲಸದಲ್ಲಿ ನಮ್ಮ ಪಾಲು ಅಷ್ಟಾದರೂ ಇರಲಿ.