ಕೊಳ್ಳದವನ ಪ್ರಶ್ನೆ

ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ, ತಮ್ಮದೇ ಹಣ ಮತ್ತು ಶ್ರಮದಿಂದ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಕೈಯಾರೆ ಕಟ್ಟುವವನಿಗೆ ದುಡ್ಡಿನಷ್ಟೇ ತಿಳಿದವರ ಮಾತೂ ಬೇಕು.

ವಿಮಾನವನ್ನೂ ಹೀಗೆ ಕಟ್ಟುವವರಿದ್ದಾರೆ. ಅಮೆರಿಕದ ಓಶ್‌ಕಾಶ್‌ನಲ್ಲಿ ಪ್ರತಿವರ್ಷ ನಡೆಯುವ ಮೇಳದಲ್ಲಿ ಬಿಡಿಭಾಗಗಳಾಗಿ ವಿಮಾನ ಮಾರುವ ಮಳಿಗೆಗಳಿರುತ್ತವೆ. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದೇ ಆಗಿರಬೇಕೆಂಬುದು ಅಲ್ಲಿನ ನಿಯಮ. ಜೋಡಣೆಗೆ ವರ್ಷಗಳೇ ಹಿಡಿಯುತ್ತವೆ. ಒಂದು ಬೆಸುಗೆ ತಪ್ಪಿದರೆ ಜೀವವೇ ಹೋಗಬಹುದು. ಆದ್ದರಿಂದ ಆ ಮಳಿಗೆಯವನು ಮಾರುವುದು ತಗಡನ್ನಷ್ಟೇ ಅಲ್ಲ, ನಾಳಿನ ಪ್ರಶ್ನೆಗಳಿಗೆ ಉತ್ತರಿಸುವೆನೆಂಬ ಮಾತನ್ನೂ.

ಆದರೆ ಯಾವ ಮೇಳದಲ್ಲೇ ಆಗಲಿ, ಮಳಿಗೆಯವನ ಕಣ್ಣು ಮೊದಲು ಬೀಳುವುದು ನಮ್ಮ ಚಪ್ಪಲಿಯ ಮೇಲೆ. ಕೊಳ್ಳಲಾರರೆಂದು ಕಂಡರೆ ಕರಪತ್ರವೊಂದನ್ನು ಕೈಗಿಟ್ಟು ಮುಖ ತಿರುಗಿಸುತ್ತಾನೆ. ಅವನ ಕಷ್ಟವೂ ನಮಗೆ ಗೊತ್ತು. ದಿನವಿಡೀ ನಿಂತ ಕಾಲು, ಸಂಜೆಗೆ ಮಾಲೀಕನಿಗೆ ಕೊಡಬೇಕಾದ ಲೆಕ್ಕ. ಎಲ್ಲರಿಗೂ ಒಂದು ಗಂಟೆ ಕೊಡಲಾಗದು, ನಿಜ. ಆದರೆ ಕೊಟ್ಟ ಎರಡು ನಿಮಿಷ ಪ್ರಾಮಾಣಿಕವಾಗಿರಬಹುದಲ್ಲ?

ದುಡ್ಡು ಕೈಸೇರಿದ ಮರುದಿನ ಕೊಂಡವನೂ ಕೊಳ್ಳದವನೇ. ಅವನಿಂದ ಇನ್ನೇನೂ ಬರುವುದಿಲ್ಲ, ಪ್ರಶ್ನೆಗಳ ಹೊರತು. ಬರಿಗೈಯವನಿಗೆ ಇಂದು ಸಿಡುಕುವವನು ಅಂದು ಫೋನು ಎತ್ತುತ್ತಾನೆಯೇ? ವ್ಯಾಪಾರಿಯ ಈಮಾನು ತಿಳಿಯಬೇಕಾದರೆ, ಅವನು ಕೊಳ್ಳದವನೊಡನೆ ಹೇಗೆ ಮಾತಾಡುತ್ತಾನೆಂದು ನೋಡಿದರೆ ಸಾಕು.