ಒಂದು ಅಗುಳಿನ ಸಾಕ್ಷ್ಯ

2019ರ ಏಪ್ರಿಲ್ 23ರಂದು ಲೋಕಸಭಾ ಚುನಾವಣೆ. ಗಡಿಯ ಹತ್ತಿರದ ಒಂದು ಶಾಲೆಯ ಮತಗಟ್ಟೆಯಲ್ಲಿ ನಾನು ಪ್ರಿಸೈಡಿಂಗ್ ಆಫೀಸರನಾಗಿದ್ದೆ. ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಚುನಾವಣಾ ಕರ್ತವ್ಯವದು. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ, ಎಪ್ಪತ್ತು ದಾಟಿದವರು, ಗುಂಡಿ ಒತ್ತಿ, ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿಕೊಂಡು ಕೆಳಗೆ ಬೀಳುವ ಚೀಟಿಯನ್ನು ನೋಡಿ, ನನ್ನ ಮೇಜಿನ ಬಳಿ ನಿಂತರು.

"ಮಾಷ್ಟ್ರೇ, ಚೀಟಿ ಬಿದ್ದದ್ದು ಕಂಡಿತು. ಅದನ್ನು ಎಣಿಸುತ್ತಾರಲ್ಲ?"

"ಎಣಿಸುತ್ತಾರಮ್ಮಾ" ಎಂದೆ.

ಹಿಂದೆ ಸಾಲಿನಲ್ಲಿ ಜನ ಇದ್ದರು, ವಿವರಿಸಲು ಹೊತ್ತಿರಲಿಲ್ಲ ಎಂಬುದು ನೆವ. ನಾನು ಹೇಳಿದ್ದು ನಿಜವಾಗಿರಲಿಲ್ಲ. ಎಣಿಸುವುದು ಯಂತ್ರದೊಳಗಿನ ಲೆಕ್ಕವನ್ನು. ಕಾಗದದ ಚೀಟಿಗಳನ್ನು ಎಣಿಸಿ ತಾಳೆ ನೋಡುವುದು ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳಲ್ಲಿ ಮಾತ್ರ. ಅದೂ ಮೊದಲು ಒಂದೇ ಇದ್ದುದನ್ನು ಆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಐದಕ್ಕೆ ಏರಿಸಿತ್ತು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿದ ನಾನು ಲೆಕ್ಕದ ವಿಷಯದಲ್ಲೇ ಸುಳ್ಳು ಹೇಳಿದ್ದೆ. ಅದು ಸಣ್ಣ ಸುಳ್ಳೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎಲ್ಲವನ್ನೂ ನೋಡದೆ ಎಲ್ಲದರ ಬಗ್ಗೆ ಮಾತಾಡುವುದು ಅಪ್ರಾಮಾಣಿಕತೆಯೇನಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಒತ್ತಿ ನೋಡುವುದು ನಮ್ಮ ಪ್ರತಿ ಮನೆಯ ಶಾಸ್ತ್ರ. ಸಂಖ್ಯಾಶಾಸ್ತ್ರಜ್ಞರು ಮಾಡುವುದೂ ಅದನ್ನೇ. ಆದರೆ ಅವರು ಎಷ್ಟು ಅಗುಳು, ಎಲ್ಲಿಂದ, ಯಾರ ಕೈಯಿಂದ ಎಂದು ಮೊದಲೇ ಕೇಳುತ್ತಾರೆ. ಚುನಾವಣಾ ಆಯೋಗದ ಕೋರಿಕೆಯಂತೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೂಲಕ ಒಂದು ತಜ್ಞರ ಸಮಿತಿ 2019ರಲ್ಲಿ ವರದಿ ಕೊಟ್ಟಿತು. (ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಬಹುಕಾಲ ದುಡಿದ ಸಂಸ್ಥೆಯಿದು.) ದೇಶದ ಹತ್ತು ಲಕ್ಷಕ್ಕೂ ಮಿಕ್ಕ ಯಂತ್ರಗಳಲ್ಲಿ 479ನ್ನು ಯಾದೃಚ್ಛಿಕವಾಗಿ ಆರಿಸಿ ತಾಳೆ ನೋಡಿ, ಒಂದರಲ್ಲೂ ವ್ಯತ್ಯಾಸ ಕಾಣದಿದ್ದರೆ, ದೋಷವುಳ್ಳ ಯಂತ್ರಗಳು ಶೇಕಡಾ ಎರಡಕ್ಕಿಂತ ಕಡಿಮೆ ಎಂದು 99.99ಕ್ಕೂ ಮಿಕ್ಕ ಶೇಕಡಾ ಭರವಸೆಯಿಂದ ಹೇಳಬಹುದು ಎಂದಿತು. ನಾನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. 0.98ನ್ನು 479 ಸಲ ಗುಣಿಸಿದರೆ ಉಳಿಯುವುದು ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಲೆಕ್ಕ ಸರಿಯಾಗಿದೆ.

ಲೆಕ್ಕ ಸರಿ, ಪ್ರಶ್ನೆ ಯಾರದ್ದು? ಅದು ಇಡೀ ದೇಶದ ಯಂತ್ರಗಳನ್ನು ಒಂದೇ ಕೊಪ್ಪರಿಗೆಯ ಅನ್ನವೆಂದು ಭಾವಿಸಿದ ಪ್ರಶ್ನೆ. ಚುನಾವಣೆಯಾದರೋ ಕ್ಷೇತ್ರ ಕ್ಷೇತ್ರಕ್ಕೂ ಬೇರೆ ಒಲೆ, ಬೇರೆ ಪಾತ್ರೆ. ಒಂದು ವಿಧಾನಸಭಾ ಕ್ಷೇತ್ರದಲ್ಲಿ 200 ಮತಗಟ್ಟೆಗಳಿವೆ, ಹತ್ತರಲ್ಲಿ ದೋಷವಿದೆ ಎಂದಿಟ್ಟುಕೊಳ್ಳಿ. ಐದನ್ನು ಚೀಟಿ ಎತ್ತಿ ಆರಿಸಿದರೆ ಆ ಹತ್ತರಲ್ಲಿ ಒಂದೂ ಸಿಗದಿರುವ ಸಂಭವ ಶೇಕಡಾ 77. ನಾಲ್ಕು ಸಲದಲ್ಲಿ ಮೂರು ಸಲ ದೋಷ ತಪ್ಪಿಸಿಕೊಳ್ಳುತ್ತದೆ! ಕಾಸರಗೋಡು ಲೋಕಸಭಾ ಕ್ಷೇತ್ರದ ಏಳು ವಿಧಾನಸಭಾ ಕ್ಷೇತ್ರಗಳಲ್ಲೂ ಇದೇ ಪ್ರಮಾಣದ ದೋಷವಿದ್ದರೆ, ಒಟ್ಟು 35 ಮತಗಟ್ಟೆಗಳ ತಾಳೆಯಲ್ಲಿ ಅದು ತಪ್ಪಿಸಿಕೊಳ್ಳುವ ಸಂಭವ ಶೇಕಡಾ 16ಕ್ಕೆ ಇಳಿಯುತ್ತದೆ. ಕೇರಳದ 20 ಕ್ಷೇತ್ರಗಳಲ್ಲೂ ಹಾಗೇ ಇದ್ದರೆ ತಪ್ಪಿಸಿಕೊಳ್ಳುವುದು ಅಸಾಧ್ಯವೆನ್ನಬಹುದು. ದೊಡ್ಡ ಸಮೂಹಕ್ಕೆ ಅಭಯ ಕೊಡುವ ಐದು ಎಂಬ ಸಂಖ್ಯೆ ಸಣ್ಣ ಸಮೂಹದ ಮುಂದೆ ತಡವರಿಸುತ್ತದೆ. ಕೆಲವೇ ಗ್ರಾಮಗಳಲ್ಲಿ ಒತ್ತಾಗಿ ಬದುಕುವ ನಮ್ಮಂಥವರಿಗೆ ಇದು ಬರಿಯ ಗಣಿತವಲ್ಲ. ಆ ಹತ್ತು ಮತಗಟ್ಟೆಗಳು ನಮ್ಮವೇ ಆಗಿರಬಹುದು. ಆಗಿವೆ ಎಂದು ನಾನು ಹೇಳುತ್ತಿಲ್ಲ. ಅಂಥ ಶಂಕೆಗೆ ನನ್ನಲ್ಲಿ ಆಧಾರವಿಲ್ಲ. ಆದರೆ ಶಂಕೆ ಬಂದಾಗ ಅದನ್ನು ಪರಿಹರಿಸುವ ಶಕ್ತಿ ಆ ಪರೀಕ್ಷೆಗೆ ಇದೆಯೇ ಎಂಬುದೇ ಮಾತು.

ಶಂಕೆ ನಮ್ಮ ಬಾಗಿಲಿಗೂ ಬಂದದ್ದುಂಟು. 2024ರ ಏಪ್ರಿಲಿನಲ್ಲಿ ಕಾಸರಗೋಡಿನಲ್ಲಿ ಯಂತ್ರಗಳನ್ನು ಸಜ್ಜುಗೊಳಿಸುವಾಗ ನಡೆದ ಅಣಕು ಮತದಾನದಲ್ಲಿ ಹೆಚ್ಚುವರಿ ಮತ ಕಾಣಿಸಿತೆಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಸುಳ್ಳೆಂದು ಆಯೋಗ ಅಲ್ಲಿ ತಿಳಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಆ ನ್ಯಾಯಾಲಯ ತಳ್ಳಿಹಾಕಿದ್ದು ಏಪ್ರಿಲ್ 26ರಂದು. ನಾವೆಲ್ಲ ಇಲ್ಲಿ ಮತ ಹಾಕಲು ಸಾಲು ನಿಂತ ದಿನವೇ ಅದು. ಆದರೆ ಅದೇ ತೀರ್ಪಿನಲ್ಲಿ ನನಗೆ ಹಿಡಿಸಿದ ಒಂದು ಅಂಶವಿದೆ. ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು ಏಳು ದಿನದೊಳಗೆ ಕೇಳಿಕೊಂಡರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇಕಡಾ ಐದರಷ್ಟು ಯಂತ್ರಗಳನ್ನು ತಪಾಸಣೆ ಮಾಡಿಸಬಹುದು. ಅಂದರೆ ಕೇಳುವ ಹಕ್ಕನ್ನು ಸೋತವನ ಕೈಗೆ ಕೊಟ್ಟಿತು.

ಗೆದ್ದವನಿಗೆ ಲೆಕ್ಕಪರಿಶೋಧನೆ ಬೇಡ. ಅವನಿಗೆ ಫಲಿತಾಂಶವೇ ಪುರಾವೆ. ಪರಿಶೋಧನೆ ಇರುವುದೇ ಸೋತವನಿಗಾಗಿ. ಇದನ್ನು ಶಾಸ್ತ್ರವನ್ನಾಗಿ ಕಟ್ಟಿದವರು ಅಮೆರಿಕದ ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್. ಅವರ ಕ್ರಮದಲ್ಲಿ ಇಂತಿಷ್ಟೇ ನೋಡಬೇಕೆಂಬ ಕಟ್ಟುಪಾಡಿಲ್ಲ. ಘೋಷಿತ ಫಲಿತಾಂಶ ತಪ್ಪಾಗಿದ್ದರೆ ಅದು ಪರಿಶೋಧನೆಯಿಂದ ತಪ್ಪಿಸಿಕೊಳ್ಳುವ ಅಪಾಯ ಇಷ್ಟಕ್ಕಿಂತ ಹೆಚ್ಚಿರಕೂಡದು ಎಂದು ಮೊದಲೇ ಗೊತ್ತುಮಾಡಿ, ಆ ಮಟ್ಟ ಮುಟ್ಟುವವರೆಗೆ ಮತಪತ್ರಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ ಹೋಗುವುದು. ಮುಟ್ಟದಿದ್ದರೆ ಪೂರ್ತಿ ಎಣಿಸುವುದು. ಇಬ್ಬರ ನಡುವಿನ ಅಂತರ ಶೇಕಡಾ ಹತ್ತಿದ್ದರೆ, ಹತ್ತರಲ್ಲೊಂದು ಅಪಾಯಕ್ಕೆ ಒಪ್ಪಿದಾಗ, ಸಾಮಾನ್ಯವಾಗಿ ಐನೂರರ ಆಸುಪಾಸು ಮತಪತ್ರಗಳು ಸಾಕು. ಅಂತರ ಶೇಕಡಾ ಒಂದಾದರೆ ಸುಮಾರು ನೂರು ಪಟ್ಟು ಬೇಕು. ಕೊಲರಾಡೊ ರಾಜ್ಯ 2017ರಲ್ಲಿ ಇದನ್ನು ರಾಜ್ಯವ್ಯಾಪಿಯಾಗಿ ಆರಂಭಿಸಿದಾಗ, ಯಾವ ಮತಪತ್ರ ಎತ್ತಬೇಕೆಂಬುದನ್ನು ಯಾರೂ ಮೊದಲೇ ಊಹಿಸದಂತೆ, ಸಾರ್ವಜನಿಕರ ಎದುರಿನಲ್ಲೇ ಹತ್ತು ಮುಖದ ದಾಳಗಳನ್ನು ಉರುಳಿಸಿದರು. ನಮ್ಮಲ್ಲಿ ದಾಳವೆಂದರೆ ಶಕುನಿಯ ನೆನಪು. ಅಲ್ಲಿ ಅದು ಶಕುನಿಯನ್ನು ಹೊರಗಿಡುವ ಉಪಾಯವಾಯಿತು.

ಈ ದೃಷ್ಟಿಯಿಂದ ನಮ್ಮ ಊರಿನದೇ ಎರಡು ಫಲಿತಾಂಶಗಳನ್ನು ನೋಡೋಣ. 2019ರಲ್ಲಿ ಕಾಸರಗೋಡು ಲೋಕಸಭೆಯ ಅಂತರ 40 ಸಾವಿರಕ್ಕೂ ಮಿಕ್ಕಿತ್ತು. 2016ರಲ್ಲಿ ಮಂಜೇಶ್ವರ ವಿಧಾನಸಭೆಯ ಅಂತರ 89. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೇ? ಎಂಬತ್ತೊಂಬತ್ತೆಂದರೆ ಒಂದು ಮದುವೆಯ ಎರಡು ಪಂಕ್ತಿ! ಅಲ್ಲಿ ಮಾದರಿಯ ಮಾತೇ ಇಲ್ಲ, ಪೂರ್ತಿ ಎಣಿಸುವುದೇ ಶಾಸ್ತ್ರ.

ಹಾಗೆಂದು ಸಂಖ್ಯಾಶಾಸ್ತ್ರಕ್ಕೆ ಸಲ್ಲದ ಕೀರ್ತಿಯನ್ನು ಹೊರಿಸಬಾರದು. ಮಂಜೇಶ್ವರದ ಆ ಸಲದ ದೂರು ಎಣಿಕೆಯದಲ್ಲ. ಸತ್ತವರ, ಊರಲ್ಲಿಲ್ಲದವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬ ಆರೋಪ ಹೈಕೋರ್ಟಿಗೆ ಹೋಗಿತ್ತು. 2018ರಲ್ಲಿ ಶಾಸಕರು ತೀರಿಕೊಂಡರು, ಮರುವರ್ಷ ಅರ್ಜಿಯನ್ನು ಹಿಂತೆಗೆದುಕೊಂಡರು, ಆರೋಪ ರುಜುವಾತಾಗಲಿಲ್ಲ. ಇಂಥ ದೂರಿಗೆ ಚೀಟಿ ಎಣಿಸಿದರೆ ಉತ್ತರ ಸಿಗದು. ಇನ್ನು ನಮ್ಮ ಕೇರಳದ ಪರವೂರಿನ ಕಥೆ ಬೇರೆ. ದೇಶದಲ್ಲೇ ಮೊದಲ ಸಲ 1982ರಲ್ಲಿ ಅಲ್ಲಿನ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಿದರು. ಅಂತರ 123. ಯಂತ್ರಕ್ಕೆ ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಮರುಮತದಾನಕ್ಕೆ ಆದೇಶಿಸಿತು, ಸೋತಿದ್ದವರು ಗೆದ್ದರು. ಯಂತ್ರ ತಪ್ಪು ಎಣಿಸಿತೆಂದು ಅದರಿಂದ ಸಿದ್ಧವಾಗುವುದಿಲ್ಲ, ಎರಡು ವರ್ಷದಲ್ಲಿ ಜನರ ಮನಸ್ಸೂ ಬದಲಾಗುತ್ತದೆ. ಮರಳಿ ನೋಡಲು ಕಾಗದವೊಂದು ಉಳಿದಿದ್ದರೆ ಮಾತ್ರ ಪರಿಶೋಧಕನಿಗೆ ಕೆಲಸ.

ನನ್ನ ಸುಳ್ಳಿನ ವಿಷಯ ಬಾಕಿ ಇದೆ. ಅದೇ ವರ್ಷ ಮಳೆಗಾಲ ಕಳೆದು ಆ ವಿದ್ಯಾರ್ಥಿಯ ಮನೆಯ ಒಕ್ಕಲಿಗೆ ಹೋಗಿದ್ದೆ. ಅಡುಗೆಯವರು ಮೂರು ಕೊಪ್ಪರಿಗೆಗಳಲ್ಲಿ ಅನ್ನಕ್ಕಿಟ್ಟಿದ್ದರು; ಪ್ರತಿಯೊಂದರಿಂದಲೂ ಬೇರೆ ಬೇರೆಯಾಗಿ ಅಗುಳು ತೆಗೆದು ಒತ್ತುತ್ತಿದ್ದರು. ಜಗಲಿಯಲ್ಲಿ ಆ ಅಮ್ಮ ಸಿಕ್ಕಿದರು. ಹೇಳಿಬಿಟ್ಟೆ.

"ಅಮ್ಮಾ, ಆ ದಿನ ನಾನು ನಿಮಗೆ ಹೇಳಿದ್ದು ಸರಿಯಲ್ಲ. ಚೀಟಿ ಎಣಿಸಿದ್ದು ಐದೇ ಬೂತುಗಳದ್ದು. ನಮ್ಮ ಬೂತು ಅದರಲ್ಲಿ ಬರಲಿಲ್ಲವಂತೆ."

"ಹಾಗಾದರೆ ನನ್ನದನ್ನು ಯಾರೂ ನೋಡಲಿಲ್ಲವಾ?"

"ಚೀಟಿಯನ್ನು ನೋಡಲಿಲ್ಲ. ಯಂತ್ರದ ಲೆಕ್ಕದಲ್ಲಿ ಸೇರಿದೆ."

"ಆ ಐದನ್ನು ಆರಿಸಿದ್ದು ಯಾರು?"

"ಯಾರೂ ಅಲ್ಲ. ಎಲ್ಲ ಪಕ್ಷದವರ ಎದುರಿಗೆ ಚೀಟಿ ಎತ್ತುವುದು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಸೋತವರೂ ಇದ್ದರಾ ಅಲ್ಲಿ?"

"ಇರುತ್ತಾರೆ. ಯಂತ್ರಗಳ ಎಣಿಕೆ ಮುಗಿದ ಮೇಲೆಯೇ ಚೀಟಿ ಎತ್ತುವುದು, ಯಾರು ಸೋತರೆಂದು ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿರುತ್ತದೆ."

"ಐದು ಸ್ವಲ್ಪ ಕಡಿಮೆಯಾಯಿತು ಮಾಷ್ಟ್ರೇ" ಎಂದವರು, ಎಲೆ ಹಾಕಿದ್ದಾರೆ, ಏಳಿ ಎಂದು ನನ್ನನ್ನು ಊಟಕ್ಕೆಬ್ಬಿಸಿದರು.